ಯಾವ ಪರವಾಗಿಲ್ಲ?

ನಮ್ಮದು ವಾಕರ್ ಮಾಡುವ ಕಾರ್ಖಾನೆ. ಸೊಂಟ ಮುರಿದುಕೊಂಡವರು, ಮಂಡಿ ಆಪರೇಷನ್ ಆದವರು, ಸುಮ್ಮನೆ ವಯಸ್ಸಾದವರು ಎರಡೂ ಕೈಯಲ್ಲಿ ಹಿಡಿದು, ಮುಂದಕ್ಕಿಟ್ಟು, ಒಂದು ಹೆಜ್ಜೆ ಹಾಕಿ, ಮತ್ತೆ ಮುಂದಕ್ಕಿಡುತ್ತಾರಲ್ಲ, ಆ ನಾಲ್ಕು ಕಾಲಿನ ಅಲ್ಯುಮಿನಿಯಂ ಚೌಕಟ್ಟು. ಅದನ್ನು ಮಾಡುವುದು ಅಂಥ ಬ್ರಹ್ಮವಿದ್ಯೆ ಏನಲ್ಲ. ಯಾರಿಗೆ ಎಂಥದ್ದು ಬೇಕು ಎಂದು ತಿಳಿಯುವುದೇ ಕಷ್ಟ, ಆ ಕೆಲಸ ನನ್ನದು. ಹನ್ನೊಂದು ವರ್ಷದಿಂದ ದಿನಾ ಫೋನ್ ಹಿಡಿದುಕೊಂಡು, ತಗೊಂಡು ಹೋದವರನ್ನು "ನಮ್ಮ ವಾಕರ್ ಹೇಗಿದೆ?" ಎಂದು ಕೇಳುತ್ತೇನೆ. ಅವರು ಹೇಳಿದ್ದನ್ನು ಫಾರಂನಲ್ಲಿ ತುಂಬುತ್ತೇನೆ. ಆ ಫಾರಂ ನೋಡಿ ಒಳಗಿನವರು ಅಳತೆ ಬದಲಾಯಿಸುತ್ತಾರೆ, ಅಥವಾ ಬದಲಾಯಿಸುವುದಿಲ್ಲ.

ಫಾರಂನಲ್ಲಿ ಇರುವುದು ಎರಡೇ ಕಾಲಂ. ಚೆನ್ನಾಗಿದೆ, ಚೆನ್ನಾಗಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರವೇ ನನಗೆ ಗೊತ್ತಾಗಿದ್ದೇನೆಂದರೆ, ಈ ಎರಡು ಮಾತನ್ನು ಯಾರೂ ಆಡುವುದಿಲ್ಲ. ಹತ್ತು ಜನರನ್ನು ಕೇಳಿದರೆ ಆರು ಜನ "ಪರವಾಗಿಲ್ಲ" ಅನ್ನುತ್ತಾರೆ. ಇದನ್ನು ಎಲ್ಲಿ ಹಾಕಲಿ ಎಂದು ಮಾಲೀಕರನ್ನು ಕೇಳಿದೆ. "ನಿಮಗೆ ಹೇಗೆ ಅನ್ಸುತ್ತೋ ಹಾಗೆ ಹಾಕ್ಕೊಳ್ಳಿ" ಅಂದರು. ನಾನು ಯೋಚನೆ ಮಾಡಿದೆ. ಮಂದಿ ಹೊಗಳುವುದರಲ್ಲಿ ಜಿಪುಣರು, ಬಯ್ಯುವುದರಲ್ಲಿ ಧಾರಾಳಿಗಳು. ಇಷ್ಟವಾಗದಿದ್ದರೆ ಬಯ್ಯದೆ ಬಿಡುತ್ತಿದ್ದರೇ? ಬಯ್ದಿಲ್ಲ ಎಂದಮೇಲೆ ಚೆನ್ನಾಗಿದೆ ಎಂದೇ ಅರ್ಥ. ಹೀಗೆ ಪರವಾಗಿಲ್ಲ ಎಂಬುದೆಲ್ಲ ಚೆನ್ನಾಗಿದೆ ಕಾಲಂಗೆ ಹೋಗಬೇಕೆಂದು ನಿಯಮ ಮಾಡಿದೆ. ಯಾರೋ ಮೇಲಿನವರು ಹೇರಿದ್ದಲ್ಲ, ನಿಯಮ ನನ್ನದೇ. ಗ್ರಾಹಕರು ಆಡಿದ ಮಾತನ್ನು ಮಾತ್ರ ಪಕ್ಕದಲ್ಲಿ ಸಣ್ಣಗೆ ಬರೆದಿಡುತ್ತಿದ್ದೆ.

ಮಾಲೀಕರಿಗೆ ಎಪ್ಪತ್ತನಾಲ್ಕು ವರ್ಷ. "ಯಜಮಾನರು" ಅಂದರೆ ಹೆಂಗಸರ ಬಾಯಲ್ಲಿ ಬೇರೆ ಅರ್ಥ ಬರುತ್ತದೆ ಎಂದು ನಾನು "ದೊಡ್ಡವರು" ಅನ್ನಲು ಶುರುಮಾಡಿದೆ, ಈಗ ಎಲ್ಲರಿಗೂ ಅವರು ದೊಡ್ಡವರೇ. ತಯಾರಿಕೆ ನೋಡಿಕೊಳ್ಳುವವನಿಗೆ ಶುಕ್ರವಾರ ಎಂದು ಅಡ್ಡಹೆಸರು. ಯಾವ ಕೆಲಸ ಯಾವಾಗ ಮುಗಿಯುತ್ತದೆ ಎಂದು ಕೇಳಿದರೂ "ಶುಕ್ರವಾರ ಕೊಡ್ತೀನಿ" ಅನ್ನುತ್ತಾನೆ, ಯಾವ ಶುಕ್ರವಾರ ಎಂದು ಮಾತ್ರ ಹೇಳುವುದಿಲ್ಲ. ಒಳ್ಳೆಯವನು. ಡ್ರಾಯಿಂಗ್ ಮಾಡುತ್ತಿದ್ದವರು ನನ್ನ ಗಂಡ. ಒಂಬತ್ತು ತಿಂಗಳ ಹಿಂದೆ ತೀರಿಕೊಂಡರು.

ಅವರು ಕೊನೆಯದಾಗಿ ಮಾಡಿದ್ದು ಆರನೇ ಮಾದರಿ. ಐದನೇ ಮಾದರಿಯಲ್ಲಿ ಒಂದು ತೊಂದರೆ ಇತ್ತು, ಮಡಚುವ ಕೀಲು ಸಡಿಲವಾಗಿ, ನಿಂತಿರುವಾಗಲೇ ಮಡಚಿಕೊಂಡುಬಿಡುತ್ತಿತ್ತು. ಒಬ್ಬ ಮುದುಕರು ಬಿದ್ದು ಮಣಿಕಟ್ಟು ಮುರಿದುಕೊಂಡರು. ಆ ಫೋನ್ ನಾನೇ ತೆಗೆದುಕೊಂಡಿದ್ದೆ. ನನ್ನ ಗಂಡ ಅವತ್ತಿನಿಂದ ಅದರ ಹಿಂದೆಯೇ ಬಿದ್ದರು. ಎರಡು ತಿಂಗಳು ತಲೆ ಕೆಡಿಸಿಕೊಂಡು, ಅಡ್ಡಪಟ್ಟಿಯ ನಡುವೆ ಒಂದೇ ಒಂದು ಗುಂಡಿ ಇಟ್ಟರು. ಒಳಗೆ ಗಟ್ಟಿ ಸ್ಪ್ರಿಂಗ್. ಹೆಬ್ಬೆರಳಲ್ಲಿ ಒತ್ತಿದರೆ ಮಾತ್ರ ಬಿಚ್ಚುತ್ತದೆ, ಒತ್ತಿದರೆ ಮಾತ್ರ ಮಡಚುತ್ತದೆ. ಒತ್ತದಿದ್ದರೆ ಆನೆ ಬಂದು ತಳ್ಳಿದರೂ ಕದಲುವುದಿಲ್ಲ. "ಮಡಚಿದಾಗಲೂ ಬಿಗಿ, ಬಿಚ್ಚಿದಾಗಲೂ ಬಿಗಿ" ಎಂದು ಮನೆಯಲ್ಲಿ ಊಟದ ಹೊತ್ತಿಗೂ ಅದೇ ಮಾತು. ಮೊದಲನೆಯದು ತಯಾರಾದ ದಿನ ಕಾರ್ಖಾನೆಯಲ್ಲಿ ಇದ್ದವರನ್ನೆಲ್ಲ ಕರೆದು ಒತ್ತಿಸಿದರು. ವೆಲ್ಡರ್ ಒತ್ತಿದ, ಫಿಟ್ಟರ್ ಒತ್ತಿದ, ಶುಕ್ರವಾರ ಒತ್ತಿದ. "ಬೆಣ್ಣೆ ಸಾರ್, ಬೆಣ್ಣೆ" ಅಂದರು. ನಾನೂ ಒತ್ತಿದೆ, ಸ್ವಲ್ಪ ಬಿಗಿ ಅನ್ನಿಸಿತು. ಹೊಸದಲ್ಲವೇ ಎಂದುಕೊಂಡೆ.

ಅದಾಗಿ ಹನ್ನೆರಡು ದಿನಕ್ಕೆ ಅವರು ಹೋದರು. ಆ ದಿನ ಬೆಳಿಗ್ಗೆ ತಿಂಡಿ ತಿನ್ನುವಾಗ ಎಡಗೈ ಉಜ್ಜಿಕೊಳ್ಳುತ್ತಿದ್ದರು. "ಹೇಗಿದೆ?" ಎಂದು ಕೇಳಿದೆ. "ಪರವಾಗಿಲ್ಲ" ಅಂದರು. ನನಗೆ ಅವತ್ತು ನಲವತ್ತು ಫೋನ್ ಮಾಡುವುದಿತ್ತು, ಮೊದಲ ಬಸ್ಸಿಗೆ ಹೊರಟುಬಿಟ್ಟೆ. ಅವರು ಎಂದಿನಂತೆ ಹತ್ತಕ್ಕೆ ಬಂದರು, ಹನ್ನೊಂದಕ್ಕೆ ಡ್ರಾಯಿಂಗ್ ಮೇಜಿನ ಮೇಲೆ ತಲೆಯಿಟ್ಟರು, ಎಬ್ಬಿಸಿದರೆ ಏಳಲಿಲ್ಲ. ಸಂಜೆ ಅತ್ತೆ ಒಂದೇ ಪ್ರಶ್ನೆ ಕೇಳಿದರು, "ಬೆಳಿಗ್ಗೆ ನಿನ್ನ ಹತ್ರ ಏನಾದ್ರೂ ಹೇಳಿದ್ನಾ?" ಅವರಿಗೆ ಬೇರೆ ಮಕ್ಕಳಿಲ್ಲ. "ಏನೂ ಇಲ್ಲ ಅತ್ತೆ, ಚೆನ್ನಾಗೇ ಇದ್ರು" ಅಂದೆ. ನನ್ನ ನಿಯಮದ ಪ್ರಕಾರ ಅದು ಸುಳ್ಳೂ ಅಲ್ಲ.

ಈಗ ಮನೆಯಲ್ಲಿ ನಾವಿಬ್ಬರೇ. ಮೂರನೇ ಮಹಡಿ, ಎರಡು ಕೋಣೆ. ಅವರು ಹೋಗಿ ಆರು ತಿಂಗಳಿಗೆ ಅತ್ತೆ ಬಚ್ಚಲಿನಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಸ್ಪತ್ರೆಯಲ್ಲಿ ರಾಡು ಹಾಕಿ ಕಳಿಸಿದರು. ಆರನೇ ಮಾದರಿಯನ್ನು ಪ್ರಯೋಗಕ್ಕೆಂದು ನಲವತ್ತು ಜನರಿಗೆ ಕೊಟ್ಟಾಗ, ಇಪ್ಪತ್ತೇಳನೇ ನಂಬರಿನದನ್ನು ನಾನು ಅತ್ತೆಗೆ ತಂದುಕೊಟ್ಟೆ. ಮಗ ಮಾಡಿದ್ದು ಎಂದು ಅವರು ಅದರ ಹಿಡಿಯನ್ನು ಸೆರಗಿನಲ್ಲಿ ಒರೆಸಿದರು. ಅಳಲಿಲ್ಲ. ನಾನೂ ಅಳಲಿಲ್ಲ. ಅವರ ಮಂಚಕ್ಕೂ ಬೀರುವಿಗೂ ನಡುವೆ ಇರುವುದು ಎರಡೂವರೆ ಅಡಿ, ವಾಕರ್ ಬಿಚ್ಚಿಟ್ಟರೆ ಬಾಗಿಲು ತೆರೆಯುವುದಿಲ್ಲ. ಹಾಗಾಗಿ ಮಡಚಿ ಗೋಡೆಗೆ ಒರಗಿಸಿ ಇಡುವುದು. ಎಲ್ಲರ ಮನೆಯೂ ಹೆಚ್ಚುಕಡಿಮೆ ಇಷ್ಟೇ, ಮಡಚುವ ವಾಕರ್ ಬೇಕು ಎಂದು ಜನ ಕೇಳುವುದು ಅದಕ್ಕೇ.

ಎರಡು ತಿಂಗಳ ಪ್ರಯೋಗ ಮುಗಿದು, ಸೋಮವಾರ ನಾನು ಲೆಕ್ಕ ಹಾಕಿದೆ. ಚೆನ್ನಾಗಿದೆ ಅಂದವರು ಹನ್ನೊಂದು ಜನ. ಚೆನ್ನಾಗಿಲ್ಲ ಅಂದವರು ಮೂರು. ಪರವಾಗಿಲ್ಲ ಅಂದವರು ಇಪ್ಪತ್ತಾರು, ಅದರಲ್ಲಿ ಅತ್ತೆಯೂ ಒಬ್ಬರು. ನಿಯಮದಂತೆ ನಲವತ್ತಕ್ಕೆ ಮೂವತ್ತೇಳು ಜನಕ್ಕೆ ಚೆನ್ನಾಗಿದೆ. ಮೂವತ್ತಾರು ಬಂದರೆ ಸಾಕಿತ್ತು. ದೊಡ್ಡವರು ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು.

"ಅವನಿದ್ದಿದ್ರೆ ಎಷ್ಟು ಖುಷಿಪಡ್ತಿದ್ದ" ಅಂದರು. "ಶುಕ್ರವಾರ ನೀವೊಂದು ಸಹಿ ಹಾಕಿಬಿಡಿ. ಆಸ್ಪತ್ರೆಯವರು ಎರಡು ಸಾವಿರ ಕೇಳಿದಾರೆ, ಸೋಮವಾರದಿಂದ ಶುರುಮಾಡೋಣ."

ಗ್ರಾಹಕರಿಗೆ ಒಪ್ಪಿಗೆಯಾಗಿದೆ ಎಂದು ನಾನು ಸಹಿ ಹಾಕದೆ ನಮ್ಮಲ್ಲಿ ಯಾವ ಮಾದರಿಯೂ ಹೊರಗೆ ಹೋಗುವುದಿಲ್ಲ. ನನಗೆ ಸಂತೋಷವಾಗಬೇಕಿತ್ತು. ಕಾರ್ಖಾನೆಯಲ್ಲಿ ಯಾರೂ ಅದನ್ನು ಆರನೇ ಮಾದರಿ ಅನ್ನುವುದಿಲ್ಲ, "ಸಾರ್ ವಾಕರ್" ಅನ್ನುತ್ತಾರೆ. ಅವರು ಹೋದರೂ ಅವರ ಕೈಕೆಲಸ ಎರಡು ಸಾವಿರ ಮನೆಗೆ ಹೋಗುತ್ತದೆ. ಅಷ್ಟೆಲ್ಲ ಗೊತ್ತಿದ್ದೂ ಏನೂ ಅನ್ನಿಸಲಿಲ್ಲ. ಒಂಬತ್ತು ತಿಂಗಳಿಂದ ಹೀಗೆಯೇ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ಕೆನ್ನೆ ಮುಟ್ಟಿ ನೋಡಿಕೊಂಡರೆ, ಬೆರಳಿಗೆ ಕೆನ್ನೆ ಸಿಗುತ್ತದೆ, ಕೆನ್ನೆಗೆ ಬೆರಳು ಸಿಗುವುದಿಲ್ಲ. ಯಾರಾದರೂ ಹೇಗಿದ್ದೀರಿ ಎಂದು ಕೇಳಿದರೆ ನಾನೂ ಪರವಾಗಿಲ್ಲ ಅನ್ನುತ್ತೇನೆ. ಕೇಳಿದವರು ಸಮಾಧಾನವಾಗಿ ಹೋಗುತ್ತಾರೆ.

ಬುಧವಾರ ಒಂದು ಫೈಲು ಮನೆಯಲ್ಲೇ ಬಿಟ್ಟುಬಂದಿದ್ದೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ತರಲು ಹೋದೆ. ಆ ಹೊತ್ತಿನಲ್ಲಿ ನಾನು ಮನೆಗೆ ಹೋದದ್ದೇ ಇಲ್ಲ. ಬೆಳಿಗ್ಗೆ ಎಂಟೂವರೆಗೆ ಅತ್ತೆಯನ್ನು ಕೈಹಿಡಿದು ಬಚ್ಚಲಿಗೆ ಕರೆದುಕೊಂಡು ಹೋಗಿ, ಊಟ ಮುಚ್ಚಿಟ್ಟು, ಒಂದು ದೊಡ್ಡ ಜಗ್ಗಿನ ತುಂಬ ನೀರು ಮಂಚದ ಪಕ್ಕ ಇಟ್ಟು ಹೊರಟರೆ, ಮತ್ತೆ ಬರುವುದು ಸಂಜೆ ಆರಕ್ಕೆ. ಜಗ್ಗು ಖಾಲಿಯಾಗಿರುತ್ತದೆ. ನನಗೆ ಸಮಾಧಾನ, ಡಾಕ್ಟರು ನೀರು ಚೆನ್ನಾಗಿ ಕುಡಿಯಬೇಕು ಎಂದಿದ್ದರು.

ಬೀಗ ತೆಗೆದು ಒಳಗೆ ಹೋದೆ. ಅತ್ತೆ ಮಂಚದ ಅಂಚಿನಲ್ಲಿ ಕಿಟಕಿ ಕಡೆ ತಿರುಗಿ ಕೂತಿದ್ದರು. ಜಗ್ಗನ್ನು ಎರಡೂ ಕೈಯಲ್ಲಿ ಎತ್ತಿಹಿಡಿದು, ಕಿಟಕಿಯಲ್ಲಿದ್ದ ಹೂವಿನ ಕುಂಡಕ್ಕೆ ನೀರು ಬಿಡುತ್ತಿದ್ದರು. ತೆಳ್ಳಗೆ, ನಿಧಾನವಾಗಿ, ಕುಂಡದ ಕೆಳಗಿನ ತಟ್ಟೆಯಿಂದ ಹೊರಗೆ ಚೆಲ್ಲದ ಹಾಗೆ. ಆ ಗಿಡದ ಎಲೆಗಳೆಲ್ಲ ಹಳದಿಯಾಗಿ ಉದುರುತ್ತಿದ್ದವು. ನೀರು ಸಾಲದೇನೋ ಎಂದು ನಾನೂ ದಿನಾ ಬೆಳಿಗ್ಗೆ ಒಂದು ಲೋಟ ಹಾಕುತ್ತಿದ್ದೆ.

"ಏನು ಮಾಡ್ತಿದ್ದೀರಿ ಅತ್ತೆ?"

ಬೆಚ್ಚಿದರು, ಆದರೆ ಜಗ್ಗು ಬಿಡಲಿಲ್ಲ. "ಗಿಡಕ್ಕೆ ನೀರು ಹಾಕ್ತಿದ್ದೆ ಕಣೇ."

"ಬೆಳಿಗ್ಗೆ ನಾನು ಹಾಕಿದ್ದೆನಲ್ಲ."

"ಪರವಾಗಿಲ್ಲ, ಕುಡೀಲಿ ಬಿಡು."

"ನೀವು ಕುಡಿದ್ರಾ?"

"ಕುಡಿದೆ, ಒಂದು ಗುಟುಕು."

"ಬೆಳಿಗ್ಗೆಯಿಂದ ಒಂದೇ ಗುಟುಕಾ? ಯಾಕೆ?"

ಅತ್ತೆ ಜಗ್ಗನ್ನು ಸ್ಟೂಲಿನ ಮೇಲೆ ಇಟ್ಟು, ಕೈ ಒರೆಸಿಕೊಂಡರು. "ಕುಡಿದ್ರೆ ಹೋಗಬೇಕಾಗುತ್ತಲ್ಲ" ಅಂದರು.

ನಾನು ಗೋಡೆ ಕಡೆ ನೋಡಿದೆ. ವಾಕರ್ ಮಡಚಿಕೊಂಡು ಒರಗಿತ್ತು, ಮೇಲೆ ಅವರ ಟವೆಲು ಒಣಗುತ್ತಿತ್ತು. ಸಂಜೆ ಬಂದಾಗಲೆಲ್ಲ ಅದು ಹಾಗೆಯೇ ಇರುತ್ತಿತ್ತು. ಬಳಸಿ ಎಷ್ಟು ಅಚ್ಚುಕಟ್ಟಾಗಿ ಮಡಚಿಟ್ಟಿದ್ದಾರೆ ಎಂದು ನಾನು ಮೆಚ್ಚಿಕೊಂಡಿದ್ದೆ. ನನ್ನ ಬುದ್ಧಿಗಿಷ್ಟು.

"ಅತ್ತೆ, ಅದನ್ನೊಂದು ಸಲ ಬಿಚ್ಚಿ ತೋರಿಸಿ."

"ಈಗ್ಯಾಕೆ? ನಿಂಗೆ ಹೊತ್ತಾಗಲ್ವಾ?"

"ಫಾರಂ ತುಂಬಬೇಕು."

ಫಾರಂ ಎಂದರೆ ಅತ್ತೆಗೆ ಗೌರವ, ಮಗ ಸೊಸೆ ಇಬ್ಬರ ಅನ್ನವೂ ಅದರಿಂದಲೇ ಎಂದು ಅವರ ನಂಬಿಕೆ. ಟವೆಲು ತೆಗೆದು ಪಕ್ಕಕ್ಕಿಟ್ಟರು. ವಾಕರನ್ನು ಎಳೆದು ತೊಡೆಗೆ ಒರಗಿಸಿಕೊಂಡು, ಬಲಗೈ ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟು ಒತ್ತಿದರು. ಬೆರಳು ಬೆಳ್ಳಗಾಯಿತು. ಗುಂಡಿ ಅಲ್ಲಾಡಲಿಲ್ಲ. ಒಂದು ಹೆಬ್ಬೆರಳ ಮೇಲೆ ಇನ್ನೊಂದು ಹೆಬ್ಬೆರಳಿಟ್ಟು ಒತ್ತಿದರು. ತುಟಿ ಕಚ್ಚಿಕೊಂಡರು. ಆಮೇಲೆ ಸಿಟ್ಟು ಬಂದು ಅಂಗೈಯಿಂದ ಒಂದು ಗುದ್ದು ಹಾಕಿದರು. ಗುಂಡಿ ಕೈತಪ್ಪಿ ಒತ್ತಿಹೋಗಬಾರದೆಂದು ನನ್ನ ಗಂಡ ಅದನ್ನು ಪಟ್ಟಿಯೊಳಕ್ಕೆ ತಗ್ಗಿಸಿ ಕೂರಿಸಿದ್ದರು, ಅಂಗೈಗೆ ಅದು ಸಿಗಲಿಲ್ಲ.

"ಇದು ಅಂಗೈಗೆ ಸಿಗೋ ಹಾಗಿದ್ದಿದ್ರೆ ಮೈಭಾರ ಬಿಟ್ಟು ಒತ್ತಬಹುದಿತ್ತು ನೋಡು" ಅಂದರು, ಉಸಿರು ಬಿಡುತ್ತ. "ಬೆರಳಲ್ಲಿ ಎಲ್ಲಿದೆ ಶಕ್ತಿ?"

"ಒಂದು ಸಲಾನಾದ್ರೂ ಬಿಚ್ಚಿದ್ರಾ ಇದನ್ನ?"

"ತಂದ ದಿನ ಬಿಚ್ಚಿತ್ತಲ್ಲ."

"ಅವತ್ತು ಬಿಚ್ಚಿದ್ದು ನಾನು."

"ಹೂಂ, ನೀನೇ."

"ಎರಡು ತಿಂಗಳಿಂದ ವಾರವಾರ ಕೇಳ್ತಿದ್ದೀನಿ ಅತ್ತೆ, ಹೇಗಿದೆ ಹೇಗಿದೆ ಅಂತ. ಒಂದು ಮಾತು ಹೇಳಬಾರದಿತ್ತಾ?"

ಅತ್ತೆ ನನ್ನನ್ನು ನಿಜವಾಗಿಯೂ ಅರ್ಥವಾಗದವರ ಹಾಗೆ ನೋಡಿದರು. "ಹೇಳಿದ್ನಲ್ಲೇ. ಪರವಾಗಿಲ್ಲ ಅಂದೆ."

ನಾನು ಮಂಚದ ಮೇಲೆ ಕೂತೆ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಎಲ್ಲೆಲ್ಲಿಯದೋ ನಂಬರಿಗೆ ಫೋನ್ ಮಾಡಿ ಗ್ರಾಹಕರ ಅಗತ್ಯ ಏನೆಂದು ವಿಚಾರಿಸುವವಳು, ಮೂರು ಮಾರು ದೂರದಲ್ಲಿ ಮಲಗುವ ಗ್ರಾಹಕರು ಬಾಯಾರಿಕೊಂಡು ಕೂತಿದ್ದನ್ನು ನೋಡಿರಲಿಲ್ಲ. ಅತ್ತೆ ವಾಕರಿನ ಅಡ್ಡಪಟ್ಟಿಯನ್ನು ಸವರುತ್ತಿದ್ದರು.

"ಅವನು ಅವನ ಹೆಬ್ಬೆರಳಿಗೆ ಮಾಡಿದಾನೆ ಕಣೇ" ಅಂದರು. "ತಪ್ಪು ಅಂತಲ್ಲ. ಅವನ ಕೈ ಅವನಿಗೆ ಗೊತ್ತಿತ್ತು, ಅಷ್ಟೇ. ಆದ್ರೆ ಇದನ್ನ ಬೇಡ ಅಂದ್ರೆ ಅವನನ್ನೇ ಬೇಡ ಅಂದ ಹಾಗಾಗುತ್ತಲ್ಲ. ಅದಕ್ಕೇ ಟವೆಲು ಹಾಕ್ಕೊಂಡೆ. ಟವೆಲಿಗೆ ಚೆನ್ನಾಗಿದೆ."

ನನಗೆ ಆಗ ಅಳು ಬರಬೇಕಿತ್ತು, ಬರಲಿಲ್ಲ. ಗುಂಡಿ ಒತ್ತಿ ವಾಕರ್ ಬಿಚ್ಚಿದೆ, ಅತ್ತೆಯನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ಬಂದೆ, ಒಂದು ಲೋಟ ನೀರು ಕುಡಿಸಿದೆ. ಫೈಲು ಮರೆತು ಕಾರ್ಖಾನೆಗೆ ವಾಪಸ್ ಹೋದೆ.

ಗುರುವಾರ ಇಡೀ ದಿನ ಆ ಇಪ್ಪತ್ತಾರು ಜನರಿಗೆ ಮತ್ತೆ ಫೋನ್ ಮಾಡಿದೆ, ಅತ್ತೆಯದು ಆಗಲೇ ಗೊತ್ತಿತ್ತಾದ್ದರಿಂದ ಇಪ್ಪತ್ತೈದು. ಈ ಸಲ ಹೇಗಿದೆ ಎಂದು ಕೇಳಲಿಲ್ಲ. ಫೋನು ಪಕ್ಕಕ್ಕಿಟ್ಟು ಈಗಲೇ ಒಂದು ಸಲ ಮಡಚಿ ಬಿಚ್ಚಿ, ನಾನು ಕಾಯುತ್ತೇನೆ ಅಂದೆ. ಹನ್ನೊಂದು ವರ್ಷದಲ್ಲಿ ನಾನು ಗ್ರಾಹಕರ ಮಾತು ಕೇಳಿದ್ದೆ, ಅವರ ಮನೆಯ ಸದ್ದು ಕೇಳಿರಲಿಲ್ಲ. ಕುರ್ಚಿ ಎಳೆದದ್ದು, ಮುಲುಕಿದ್ದು, ಲೋಹ ನೆಲಕ್ಕೆ ಬಡಿದದ್ದು, "ಅಯ್ಯೋ ಇದರ ಮನೆ ಹಾಳಾಗ" ಎಂದು ಗೊಣಗಿದ್ದು. ಆಮೇಲೆ ಫೋನಿಗೆ ಬಂದು ನಯವಾಗಿ, "ಪರವಾಗಿಲ್ಲಮ್ಮ, ಪರವಾಗಿಲ್ಲ."

ನಿವೃತ್ತರಾದ ಮೇಷ್ಟ್ರೊಬ್ಬರು ತುಂಬ ಹೊತ್ತು ಫೋನಿಗೆ ಬರಲೇ ಇಲ್ಲ. ಬಂದಾಗ ಏದುಸಿರು ಬಿಡುತ್ತಿದ್ದರು.

"ಆಯ್ತಾ ಸಾರ್?"

"ಆಗಲಿಲ್ಲಮ್ಮ. ಮಗ ಬೆಳಿಗ್ಗೆ ಬಿಚ್ಚಿಟ್ಟು ಹೋಗ್ತಾನೆ. ಅವನು ಮರೆತ ದಿನ ನಾನು ಗೋಡೆ ಹಿಡ್ಕೊಂಡು ಹೋಗ್ತೀನಿ."

"ಮತ್ತೆ ಹೋದ ವಾರ ಪರವಾಗಿಲ್ಲ ಅಂದ್ರಲ್ಲ?"

"ನೀವು ಪಾಪ ಅಷ್ಟು ಪ್ರೀತಿಯಿಂದ ಕೇಳ್ತೀರಿ. ಮುಖಕ್ಕೆ ಹೊಡೆದ ಹಾಗೆ ಹೇಗಮ್ಮ ಹೇಳೋದು? ಅಲ್ಲದೆ, ಗೋಡೆ ಇದೆಯಲ್ಲ."

ಸಂಜೆ ಐದಕ್ಕೆ ಮುಗಿಯಿತು. ಇಪ್ಪತ್ತಾರರಲ್ಲಿ ತಾವೇ ಬಿಚ್ಚಿದವರು ನಾಲ್ಕು ಜನ. ಮನೆಯವರ ಕೈಯಲ್ಲಿ ಬಿಚ್ಚಿಸಿಕೊಳ್ಳುವವರು ಐದು. ಉಳಿದ ಹದಿನೇಳು ಜನ ಅದನ್ನು ಮೂಲೆಯಲ್ಲಿ ಇಟ್ಟುಕೊಂಡು, ಗೋಡೆ ಹಿಡಿದು ನಡೆಯುತ್ತಿದ್ದರು, ಅಥವಾ ನಡೆಯುತ್ತಿರಲಿಲ್ಲ. ಕೊನೆಕೊನೆಗೆ ನಾನು ಇನ್ನೊಂದು ಪ್ರಶ್ನೆಯನ್ನೂ ಕೇಳಿದೆ, ಇವತ್ತು ಎಷ್ಟು ಲೋಟ ನೀರು ಕುಡಿದಿದ್ದೀರಿ ಎಂದು. ಇಬ್ಬರು ಫೋನ್ ಇಟ್ಟುಬಿಟ್ಟರು. ಒಬ್ಬ ಹೆಂಗಸು ಮಾತ್ರ, ದರ್ಜಿ ಕೆಲಸ ಮಾಡಿಕೊಂಡಿದ್ದವರಂತೆ, "ನಿಮಗೆ ಹೇಗೆ ಗೊತ್ತಾಯ್ತು?" ಅಂದರು.

ಶುಕ್ರವಾರ ಬೆಳಿಗ್ಗೆ ಶುಕ್ರವಾರನಿಗೆ ಮೊದಲು ಹೇಳಿದೆ. ಅವನು ನನ್ನನ್ನು ಸ್ಟೋರಿಗೆ ಕರೆದುಕೊಂಡು ಹೋಗಿ ಚೀಲಗಳನ್ನು ತೋರಿಸಿದ.

"ಎರಡು ಸಾವಿರ ಸ್ಪ್ರಿಂಗು ಬಂದು ಕೂತಿವೆ ಅಕ್ಕ. ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡ್ಬೇಡಿ."

"ಹದಿನೇಳು ಜನ ಮೂಲೆಯಲ್ಲಿ ಇಟ್ಟಿದಾರೆ."

"ಇಟ್ಟುಕೊಳ್ಳಲಿ. ಯಾರೂ ಬಿದ್ದಿಲ್ಲವಲ್ಲ? ಸಾರ್ ಮಾಡಿದ್ದು ಬೀಳಬಾರದು ಅಂತ." ಒಂದು ಚೀಲದ ಬಾಯಿಯನ್ನು ಬಿಗಿದು ಕಟ್ಟಿದ. "ಅವರ ಕೊನೇ ಕೆಲಸ ಅಕ್ಕ. ನೀವೇ ಹೋಗಿ ಫೇಲು ಅಂತ ಬರೀತೀರಾ? ಅವರಿದ್ದಿದ್ರೆ ಏನಂತಿದ್ರು?"

ಅವರಿದ್ದಿದ್ದರೆ ಏನನ್ನುತ್ತಿದ್ದರು ಎಂದು ನಾನೂ ರಾತ್ರಿಯೆಲ್ಲ ಯೋಚಿಸಿದ್ದೆ. ಎದ್ದು ಹೋಗಿ ಡ್ರಾಯಿಂಗ್ ತೆಗೆಯುತ್ತಿದ್ದರು, ಅಷ್ಟೇ. ಆದರೆ ಅವರು ಇಲ್ಲ. ಇದ್ದದ್ದು ನನ್ನ ಸಹಿ ಮಾತ್ರ. ಹಾಕಿದರೆ ಅವರ ವಾಕರ್ ಹೊರಗೆ ಹೋಗುತ್ತದೆ, ಎರಡು ಸಾವಿರ ಮನೆಯಲ್ಲಿ ಅದರ ಮೇಲೆ ಟವೆಲು ಒಣಗುತ್ತದೆ. ಹಾಕದಿದ್ದರೆ ಹೆಂಡತಿಯೇ ಗಂಡನ ಕೆಲಸಕ್ಕೆ ಕಲ್ಲು ಹಾಕಿದಳು ಎಂದಾಗುತ್ತದೆ. ಎರಡರಲ್ಲಿ ಯಾವುದಕ್ಕೂ ನನ್ನ ಎದೆ ಹೊಡೆದುಕೊಳ್ಳಲಿಲ್ಲ, ಅದೊಂದು ಅನುಕೂಲ.

ಹನ್ನೆರಡಕ್ಕೆ ದೊಡ್ಡವರ ಕೋಣೆಗೆ ವಾಕರ್ ಹೊತ್ತುಕೊಂಡು ಹೋದೆ. ಶುಕ್ರವಾರ ಹಿಂದೆಯೇ ಬಂದ. ಸಹಿಯ ಕಾಗದ ಮೇಜಿನ ಮೇಲೆ ಸಿದ್ಧವಾಗಿತ್ತು, ಪೆನ್ನಿನ ಮುಚ್ಚಳವನ್ನೂ ತೆಗೆದಿಟ್ಟಿದ್ದರು.

"ಸಹಿಗೆ ಮೊದಲು ಇದನ್ನೊಂದು ಸಲ ಬಿಚ್ಚಿ ಸಾರ್" ಅಂದೆ.

"ನಾನಾ?" ದೊಡ್ಡವರು ನಕ್ಕರು. "ನಲವತ್ತು ವರ್ಷದಿಂದ ಮಾಡಿಸ್ತಿದ್ದೀನಿ, ಒಂದನ್ನೂ ಹಿಡಿದವನಲ್ಲ. ಇನ್ನೂ ಆ ಕಾಲ ಬಂದಿಲ್ಲ."

"ಒಂದೇ ಸಲ."

ಎದ್ದು ಬಂದರು. ಹೆಬ್ಬೆರಳಿಟ್ಟು ಒತ್ತಿದರು. ಇನ್ನೊಮ್ಮೆ ಒತ್ತಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಒತ್ತಿದರು. ಕತ್ತಿನ ನರ ಎದ್ದಿತು. ಶುಕ್ರವಾರ ಸಹಾಯಕ್ಕೆಂದು ಮುಂದೆ ಬಂದ, ನಾನು ತಡೆದೆ. ಕೊನೆಗೆ ದೊಡ್ಡವರು ಕೈ ತೆಗೆದು, ಬೆರಳನ್ನು ಇನ್ನೊಂದು ಅಂಗೈಯಲ್ಲಿ ಮುಚ್ಚಿಕೊಂಡು, ನಮ್ಮಿಬ್ಬರ ಮುಖ ನೋಡದೆ ಹೇಳಿದರು.

"ಪರವಾಗಿಲ್ಲ. ಪರವಾಗಿಲ್ಲ."

"ಇದನ್ನ ಯಾವ ಕಾಲಂಗೆ ಹಾಕಲಿ ಸಾರ್?" ಎಂದು ಕೇಳಿದೆ.

ಅಂಗೈ ಹುಣ್ಣಿಗೆ ಕನ್ನಡಿ ಬೇಕಾಗಲಿಲ್ಲ. ಅವರು ಕುರ್ಚಿಗೆ ಹೋಗಿ ಕೂತು ಕನ್ನಡಕ ಹಾಕಿಕೊಂಡರು. ನಾನು ಗುರುವಾರದ ಲೆಕ್ಕ ಓದಿದೆ, ಅತ್ತೆಯ ನೀರಿನ ವಿಷಯವನ್ನೂ ಮುಚ್ಚಿಡದೆ ಹೇಳಿದೆ. ಹನ್ನೊಂದು ವರ್ಷದ ಲೆಕ್ಕದಲ್ಲಿ ಪರವಾಗಿಲ್ಲಗಳನ್ನು ಕೂಡಿಸಿದ್ದು ನಾನೇ, ಐದನೇ ಮಾದರಿಯೂ ಹೀಗೆಯೇ ಪಾಸಾಗಿದ್ದು ಅಂದೆ. ಬಿದ್ದ ಆ ಮುದುಕರು ಬೀಳುವ ಒಂದು ತಿಂಗಳ ಮುಂಚೆ ಕೀಲು ಹೇಗಿದೆ ಎಂದು ಕೇಳಿದಾಗ ಏನಂದಿದ್ದರೆಂದು ಬೆಳಿಗ್ಗೆ ಹಳೇ ಫಾರಂ ತೆಗೆದು ನೋಡಿದ್ದೆ. ಅದನ್ನು ಓದಿ ಹೇಳುವ ಅಗತ್ಯ ಬರಲಿಲ್ಲ.

"ಸ್ಪ್ರಿಂಗು ಎಸೀಬೇಕಾ?" ಎಂದು ದೊಡ್ಡವರು ಕೇಳಿದರು.

"ಬೇಡ. ಸ್ಪ್ರಿಂಗಿನ ಬೀಗ ಚೆನ್ನಾಗಿದೆ, ಅವರು ಮಾಡಿದ್ದರಲ್ಲಿ ತಪ್ಪಿಲ್ಲ. ಗುಂಡಿ ಮಾತ್ರ ಬೆರಳಿಗೆ ಬೇಡ, ಅಂಗೈಗೆ ಸಿಗಬೇಕು. ಮೈಭಾರ ಬಿಟ್ಟು ಒತ್ತೋ ಹಾಗೆ, ಅಗಲವಾಗಿ. ಇದು ನನ್ನ ಮಾತಲ್ಲ, ಅತ್ತೆ ಹೇಳಿದ್ದು."

ಶುಕ್ರವಾರ ವಾಕರನ್ನು ತನ್ನ ಕಡೆ ಎಳೆದುಕೊಂಡ. ತಿರುವಿ ನೋಡಿದ, ಗುಂಡಿಯ ಮೇಲೆ ಅಂಗೈ ಇಟ್ಟು ನೋಡಿದ, ಜೇಬಿನಿಂದ ಟೇಪು ತೆಗೆದು ಅಳೆದ. "ಒಂದು ಪಟ್ಟಿ ಬಗ್ಗಿಸಿ ಮೇಲೆ ಕೂರಿಸಬಹುದು" ಎಂದು ಗೊಣಗಿದ. "ಸಾರ್ ಅವರ ಬೀಗ ಮುಟ್ಟೋ ಹಾಗೇ ಇಲ್ಲ."

"ಯಾವಾಗ ಕೊಡ್ತೀಯ?" ಅಂದರು ದೊಡ್ಡವರು.

"ಶುಕ್ರವಾರ ಕೊಡ್ತೀನಿ."

"ಇವತ್ತೇ ಶುಕ್ರವಾರ ಕಣೋ."

ಅವನು ಗೋಡೆಯ ಕ್ಯಾಲೆಂಡರ್ ನೋಡಿದ, ನನ್ನ ಮುಖ ನೋಡಿದ, ವಾಕರನ್ನು ಹೆಗಲಿಗೇರಿಸಿಕೊಂಡು ಹೊರಟ. ಸಂಜೆ ನಾಲ್ಕೂವರೆಗೆ ತಂದು ನನ್ನ ಮೇಜಿನ ಪಕ್ಕ ನಿಲ್ಲಿಸಿದ. ನಾನು ನೋಡಿದ ಹಾಗೆ ಅವನು ಹೇಳಿದ ದಿನಕ್ಕೆ ಕೊಟ್ಟ ಮೊದಲ ಕೆಲಸ ಅದು. ಪಟ್ಟಿಯ ಅಂಚನ್ನು ಚುಚ್ಚದ ಹಾಗೆ ಉಜ್ಜಿ ನಯಮಾಡಿದ್ದ. "ಮನೆಗೆ ತಗೊಂಡು ಹೋಗಿ ಅಕ್ಕ. ಅಮ್ಮನ ಕೈಗೆ ಆದ್ರೆ ಉಳಿದವರಿಗೂ ಕೊಟ್ಟು ನೋಡೋಣ" ಅಂದ. ಆ ಕಾಗದಕ್ಕೆ ನಾನು ಸಹಿ ಹಾಕಲಿಲ್ಲ. ದೊಡ್ಡವರು ಪೆನ್ನಿಗೆ ಮುಚ್ಚಳ ಹಾಕಿಟ್ಟಿದ್ದರು.

ಸಾವಕಾಶವಾಗಿ ಕೂತು ಹೊಸ ಫಾರಂ ಕೂಡ ಬರೆದೆ. ಚೆನ್ನಾಗಿದೆ, ಚೆನ್ನಾಗಿಲ್ಲ ಇವೆರಡರ ಕೆಳಗೆ ಒಂದು ಸಾಲು, "ಪರವಾಗಿಲ್ಲ ಎಂದರೆ, ಯಾವ ಪರವಾಗಿಲ್ಲ?" ಅದರಡಿ ಮೂರು ಚೌಕ. ಒಂದು, ನಿಜವಾಗಿ ತೊಂದರೆಯಿಲ್ಲ. ಎರಡು, ಹೇಗೋ ಸಹಿಸಿಕೊಂಡಿದ್ದೇನೆ. ಮೂರು, ಹೇಳಿ ಏನು ಪ್ರಯೋಜನ. ಪ್ರಿಂಟ್ ಹಾಕುವವಳು ಓದಿ, "ಇದನ್ನ ನಮ್ಮ ಅತ್ತೆಗೂ ಒಂದು ಕಾಪಿ ಕೊಡ್ಲಾ ಮೇಡಂ?" ಎಂದು ನಕ್ಕಳು. ನಾನೂ ನಕ್ಕೆ, ಬಾಯಿಯಲ್ಲಿ.

ಆರಕ್ಕೆ ಮನೆಗೆ ಬಂದೆ. ಬಸ್ಸಿನಲ್ಲಿ ವಾಕರ್ ಹಿಡಿದು ನಿಂತಿದ್ದಕ್ಕೆ ಯಾರೋ ಎದ್ದು ಸೀಟು ಕೊಟ್ಟಿದ್ದರು. ಹಳೆಯದನ್ನು ಗೋಡೆಯಿಂದ ತೆಗೆದು, ಟವೆಲನ್ನು ಕಿಟಕಿಗೆ ಹಾಕಿ, ಹೊಸದನ್ನು ಮಡಚಿ ಅತ್ತೆಯ ಮುಂದೆ ನಿಲ್ಲಿಸಿದೆ. ಅತ್ತೆ ಪಟ್ಟಿಯನ್ನು ನೋಡಿದರು. ಅಂಗೈ ಇಟ್ಟು ಮುಂದಕ್ಕೆ ಬಾಗಿದರು. ಟಕ್ ಎಂದಿತು. ನಾಲ್ಕೂ ಕಾಲು ಬಿಚ್ಚಿಕೊಂಡವು.

ಎದ್ದು ನಿಂತರು. ಬಚ್ಚಲಿನವರೆಗೆ ಹೋದರು, ಬಂದರು, ಮಂಚದ ಹತ್ತಿರ ನಿಂತು ಒತ್ತಿ ಮಡಚಿದರು. ಮತ್ತೆ ಬಿಚ್ಚಿದರು. ಅಡುಗೆಮನೆಗೆ ಹೋಗಿ, ಒಂದು ಕೈಯಲ್ಲಿ ವಾಕರ್ ಹಿಡಿದು, ಇನ್ನೊಂದು ಕೈಯಲ್ಲಿ ಒಂದು ಲೋಟ ನೀರು ಬಗ್ಗಿಸಿಕೊಂಡು ನಿಂತಲ್ಲೇ ಗಟಗಟ ಕುಡಿದರು. ಎರಡನೇ ಲೋಟಕ್ಕೆ ಊಟದ ಮೇಜಿನ ಹತ್ತಿರ ಬಂದು ಕೂತರು. ನಾನು ಎದುರು ಕುರ್ಚಿಯಲ್ಲಿ ಕೂತು ಚೀಲದಿಂದ ಹೊಸ ಫಾರಂ ತೆಗೆದು ಓದಿ ಹೇಳಿದೆ.

"ನಿಮ್ಮದು ಯಾವ ಪರವಾಗಿಲ್ಲ ಅತ್ತೆ?"

"ಮೊನ್ನೆವರೆಗೂ ಎರಡನೇದು. ಈಗ ಪರವಾಗಿಲ್ಲ ಅನ್ನಲ್ಲ, ಚೆನ್ನಾಗಿದೆ ಅಂತಲೇ ಬರ್ಕೋ. ಅವನು ಮಾಡಿದ್ದು ಅಂತ ಹೇಳ್ತಿಲ್ಲ." ವಾಕರಿನ ಹಿಡಿ ಸವರಿದರು. "ಅವನು ಮಾಡಿದ್ದೂ ಹೌದು."

ಇಪ್ಪತ್ತೇಳನೇ ನಂಬರಿನ ಮುಂದೆ ಗುರುತು ಹಾಕಿದೆ. ಪೆನ್ನು ಕೆಳಗಿಟ್ಟೆ. ಅತ್ತೆ ಲೋಟವನ್ನು ತಿರುಗಿಸುತ್ತ ನನ್ನನ್ನೇ ನೋಡುತ್ತಿದ್ದರು.

"ನೀನು ಹೇಗಿದ್ದೀಯೇ?"

"ಪರವಾಗಿಲ್ಲ ಅತ್ತೆ."

"ಯಾವ ಪರವಾಗಿಲ್ಲ?"

ನಾನು ಫಾರಂ ಕಡೆ ನೋಡಿದೆ. ಮೂರು ಚೌಕಗಳೂ ಖಾಲಿ ಇದ್ದವು. ಅವರು ಕಾಯುತ್ತಿದ್ದರು, ನಿನ್ನೆ ನಾನು ಫೋನಿನಲ್ಲಿ ಕಾದ ಹಾಗೆ.

"ಮೂರನೇದು" ಅಂದೆ.

"ಮೂರನೇದು ಏನು ಅಂದೆ?"

"ಹೇಳಿ ಏನು ಪ್ರಯೋಜನ."

ಅತ್ತೆ ನೀರಿನ ಲೋಟವನ್ನು ನನ್ನ ಕಡೆ ಸರಿಸಿದರು. "ಪ್ರಯೋಜನ ಇಲ್ಲದಿದ್ರೆ ಇರಲಿ ಬಿಡು" ಅಂದರು. "ಹೇಳು."

ನನ್ನ ಕೆನ್ನೆಯಲ್ಲಿ ಏನೋ ಚುರುಕ್ ಅಂದಿತು. ನೀರು ಕುಡಿದೆ.

"ಅವತ್ತು ಬೆಳಿಗ್ಗೆ ಅವರು ಎಡಗೈ ಉಜ್ಜಿಕೊಳ್ತಿದ್ರು ಅತ್ತೆ" ಅಂದೆ. "ಹೇಗಿದೆ ಅಂತ ನಾನು ಕೇಳಿದ್ದೆ."